ಮಹಿಳಾ ಮಲ್ಲಕಲೆಯಲ್ಲಿ ತೂಕದ ಮೇರೆ

ಬೆಳಗಾವಿ-ಖಾನಾಪುರ ಸೀಮೆಗೆ ಕುಸ್ತಿಯ ಕಣ ಹೊಸತಲ್ಲ. ಬೆಳಗಾವಿಯ ಆನಂದವಾಡಿ ಆಖಾಡದಲ್ಲಾಗಲಿ, ಸುತ್ತಲಿನ ಹಳ್ಳಿಗಳ ಜಾತ್ರೆಗಳಲ್ಲಾಗಲಿ ಜೋಡಿ ಕಟ್ಟುವುದನ್ನು ಕಂಡವರು ಬಲ್ಲರು: ಅಲ್ಲಿ ತಕ್ಕಡಿಗೆ ಕೆಲಸವಿಲ್ಲ. ಹಿರಿಯ ವಸ್ತಾದರು ಇಬ್ಬರು ಪೈಲವಾನರನ್ನು ಎದುರುಬದುರು ನಿಲ್ಲಿಸಿ, ಕತ್ತು, ಭುಜ, ತೊಡೆಗಳನ್ನು ಕಣ್ಣಿನಿಂದಲೇ ತೂಗಿ, ಜೋಡಿ ಸರಿಯಾಯಿತೆಂದು ತಲೆದೂಗಿದರೆ ಹಲಗೆಯ ಸದ್ದು ಮೊದಲಾಗುತ್ತದೆ. ಪಳಗಿದವರ ಕಣ್ಣಳತೆ ಬಹುಮಟ್ಟಿಗೆ ತಪ್ಪುವುದಿಲ್ಲ. ಪಣದ ಹಣ ದೊಡ್ಡದಾದಾಗ ಮಾತ್ರ ಆ ಕಣ್ಣು ಒಮ್ಮೊಮ್ಮೆ ಮಂಜಾಗುವುದುಂಟು.

ಸ್ಪರ್ಧೆಯು ಊರ ಎಲ್ಲೆಯನ್ನು ದಾಟಿ, ಅಪರಿಚಿತರು ಅಪರಿಚಿತರೊಡನೆ ಸೆಣಸತೊಡಗಿದಾಗ ಕಣ್ಣಳತೆ ಸಾಲದಾಯಿತು. ಕೌಶಲ ಸಮನಾಗಿದ್ದಲ್ಲಿ ಹೆಚ್ಚು ಭಾರವುಳ್ಳವರದೇ ಮೇಲುಗೈ. ಆದುದರಿಂದಲೇ ತೂಕದ ವರ್ಗಗಳು ಹುಟ್ಟಿದವು. ಇವುಗಳ ಅರ್ಥವನ್ನು ತಿಳಿಯಲು ದೂರ ಹೋಗಬೇಕಾದುದಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಉಗಮಿಸುವ ನದಿಯ ಹೆಸರನ್ನೇ ಹೊತ್ತ ಬೆಳಗಾವಿಯ ಜೂಡೋಪಟು ಮಲಪ್ರಭಾ ಜಾಧವ, 2018ರ ಆಗಸ್ಟ್ 28ರಂದು ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಮಲ್ಲಕಲೆಯಲ್ಲಿ ಕಂಚಿನ ಪದಕ ಗಳಿಸಿದರು. ಅದೇ ವರ್ಗದಲ್ಲಿ ಭಾರತದವರೇ ಆದ ಪಿಂಕಿ ಬಲ್ಹಾರಾ ಬೆಳ್ಳಿ ಗೆದ್ದರು. ಕುರಾಶ್ ಉಜ್ಬೇಕಿಸ್ತಾನದ ಪ್ರಾಚೀನ ಕುಸ್ತಿ; ನಿಂತೇ ಆಡುವಂಥದು; ಎದುರಾಳಿಯ ಅಂಗಿ, ನಡುಪಟ್ಟಿಗಳನ್ನು ಹಿಡಿದು ಬೆನ್ನು ನೆಲಕ್ಕೆ ತಾಗುವಂತೆ ಕೆಡಹಬೇಕು.

ಮಲಪ್ರಭಾ ಸೆಣಸಿದ್ದು 52 ಕಿಲೋ ವರ್ಗದಲ್ಲಿ. ಆ ಕೂಟದ ಕುರಾಶ್‌ನಲ್ಲಿ ಮಹಿಳೆಯರಿಗಿದ್ದ ವರ್ಗಗಳು ಮೂರೇ: 52, 63, 78. ಇಲ್ಲಿಯೇ ವಿಷಯದ ಮರ್ಮವಿದೆ. 57 ಕಿಲೋ ತೂಗುವ ಹುಡುಗಿಯೊಬ್ಬಳು ಏನು ಮಾಡಬೇಕು? ಐದು ಕಿಲೋ ಇಳಿಸಬೇಕು, ಇಲ್ಲವೇ ತನಗಿಂತ ಆರು ಕಿಲೋ ಹೆಚ್ಚು ತೂಗುವವಳನ್ನು ಎದುರಿಸಬೇಕು. ಜೂಡೋದಲ್ಲಾದರೆ 48, 52, 57, 63, 70, 78 ಹಾಗೂ ಅದಕ್ಕೂ ಮೇಲ್ಪಟ್ಟದ್ದೆಂದು ಏಳು ವರ್ಗಗಳಿದ್ದು, ಅವಳಿಗೊಂದು ನೆಲೆ ದೊರಕುತ್ತದೆ. ಒಲಿಂಪಿಕ್ ಕೂಟದಲ್ಲಿ ಮಹಿಳಾ ಕುಸ್ತಿಗೆ 2004ರಲ್ಲಿ ನಾಲ್ಕೇ ವರ್ಗಗಳಿದ್ದವು, 2016ರಲ್ಲಿ ಆರಾದವು. ಆ ವರ್ಷ 58 ಕಿಲೋ ವರ್ಗದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದುದನ್ನು ಇಲ್ಲಿ ಸ್ಮರಿಸಬಹುದು.

ಎಂ.ಎಂ.ಎ. ಎಂದು ಹೆಸರಾದ ಮಿಶ್ರ ಸಮರಕಲೆಯಲ್ಲಿ ಕುಸ್ತಿ, ಜೂಡೋಗಳ ಹಿಡಿತದೊಡನೆ ಗುದ್ದು, ಒದೆತಗಳೂ ಕೂಡುತ್ತವೆ. ಅದರ ಪ್ರಮುಖ ಸಂಸ್ಥೆಯಾದ ಯು.ಎಫ್.ಸಿ.ಯಲ್ಲಿ ಮಹಿಳೆಯರ ಮೊದಲ ಕಾಳಗ ನಡೆದುದು 2013ರ ಫೆಬ್ರುವರಿಯಲ್ಲಿ, 135 ಪೌಂಡಿನ, ಅಂದರೆ 61.2 ಕಿಲೋದ ಬ್ಯಾಂಟಮ್‌ವೇಟ್ ವರ್ಗದಲ್ಲಿ. 2014ರಲ್ಲಿ 52.2 ಕಿಲೋದ ಸ್ಟ್ರಾವೇಟ್, 2017ರಲ್ಲಿ 65.8 ಕಿಲೋದ ಫೆದರ್‌ವೇಟ್ ಮತ್ತು 56.7 ಕಿಲೋದ ಫ್ಲೈವೇಟ್ ಸೇರಿದವು. 2024ರ ಜೂನ್‌ನಲ್ಲಿ ಅಲ್ಲಿ ಗೆಲುವು ಕಂಡ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್ ಸ್ಟ್ರಾವೇಟ್‌ನವರು.

ನ್ಯಾಯಕ್ಕಾಗಿ ಎಳೆದ ಗೆರೆಯೇ ಸಂಕಟಕ್ಕೂ ದಾರಿಯಾಯಿತು. ಹೆಚ್ಚು ತೂಗುವವರು ಕೆಳಗಿನ ವರ್ಗಕ್ಕಿಳಿದರೆ ಅನುಕೂಲವೆಂಬ ಆಸೆಯಿಂದ, ತೂಕ ನೋಡುವ ವೇಳೆಗೆ ಉಪವಾಸವಿದ್ದು, ನೀರು ಬಿಟ್ಟು, ಬೆವರು ಹರಿಸಿ ದೇಹವನ್ನು ಹಿಂಡುವ ರೂಢಿ ಬೆಳೆಯಿತು. ಒಂದು ಲೀಟರು ನೀರು ಒಂದು ಕಿಲೋ. ಹಾಗಾಗಿ ಕಡಿಮೆ ಕಾಲದಲ್ಲಿ ಇಳಿಯುವುದು ಬಹುಪಾಲು ಕೊಬ್ಬಲ್ಲ, ನೀರು. 90 ಕಿಲೋದ ಗಂಡಸು ಮೂರು ಕಿಲೋ ಇಳಿಸುವುದಕ್ಕೂ 45 ಕಿಲೋದ ಹುಡುಗಿ ಅಷ್ಟೇ ಇಳಿಸುವುದಕ್ಕೂ ಇಮ್ಮಡಿ ಅಂತರವಿದೆಯೆಂಬ ಸರಳ ಲೆಕ್ಕವನ್ನು ಎಷ್ಟೋ ಜನ ಮರೆಯುತ್ತಾರೆ. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಕೆಲವೇ ವಾರಗಳೊಳಗೆ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಅಸುನೀಗಿದರು. 2015ರ ಡಿಸೆಂಬರಿನಲ್ಲಿ ಚೀನದ ಯಾಂಗ್ ಜಿಯಾನ್ ಬಿಂಗ್ ಎಂಬ 21ರ ತರುಣ ಒನ್ ಚಾಂಪಿಯನ್‌ಶಿಪ್ ಸಂಸ್ಥೆಯ ಎಂ.ಎಂ.ಎ. ಕಾಳಗಕ್ಕೆ ತೂಕ ಇಳಿಸುತ್ತಲೇ ತೀರಿಕೊಂಡನು. ಅನಂತರ ಆ ಸಂಸ್ಥೆಯು ಮೂತ್ರಪರೀಕ್ಷೆಯಿಂದ ದೇಹದ ನೀರಿನಂಶವನ್ನು ಅಳೆಯತೊಡಗಿ, ವರ್ಗಗಳ ಮೇರೆಯನ್ನೇ ಮೇಲಕ್ಕೇರಿಸಿತು. ಬೇರೆಡೆ 47.6 ಕಿಲೋದ ಮಹಿಳಾ ಆಟಮ್‌ವೇಟ್ ಅಲ್ಲಿ 52.2 ಕಿಲೋ ಆಯಿತು. 48 ಕಿಲೋದ ಕುಸ್ತಿಪಟುವಾಗಿದ್ದ ರೀತು ಫೋಗಟ್ 2019ರಲ್ಲಿ ಎಂ.ಎಂ.ಎ.ಗೆ ಕಾಲಿಟ್ಟುದು ಈ ವರ್ಗದಲ್ಲಿಯೇ.

ಆಕೆಯ ಸೋದರಸಂಬಂಧಿ ವಿನೇಶ್ ಫೋಗಟ್ ಅವರ ಕಥೆಯಂತೂ ಸರ್ವವಿದಿತ. 53 ಕಿಲೋ ವರ್ಗದಲ್ಲಿ ಎರಡು ಬಾರಿ ವಿಶ್ವಕಂಚು ಗೆದ್ದಿದ್ದ ಅವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ 50 ಕಿಲೋಗೆ ಇಳಿದರು. ಆಗಸ್ಟ್ 6ರಂದು ಮೂರು ಕುಸ್ತಿಗಳನ್ನು ಗೆದ್ದು ಅಂತಿಮ ಸುತ್ತು ಸೇರಿದರು. ಎರಡನೆಯ ದಿನವೂ ತೂಕ ನೋಡುವುದು ನಿಯಮ. ರಾತ್ರಿಯಿಡೀ ಬೆವರು ಹರಿಸಿ, ಕೂದಲನ್ನು ಕತ್ತರಿಸಿದರೂ ಬೆಳಗಿನ ತಕ್ಕಡಿ 100 ಗ್ರಾಂ ಹೆಚ್ಚು ತೋರಿಸಿತು, ಪದಕ ಕೈತಪ್ಪಿತು. ನಿಯಮ ಕಠೋರವೆಂದು ದೂರಿದವರು ಹಲವರು. ಆದರೆ ನೂರು ಗ್ರಾಂ ಬಿಟ್ಟರೆ ಗೆರೆ ಅಲ್ಲಿಗೆ ಸರಿಯುವುದಷ್ಟೆ. ಅದರಾಚೆಯ ನೂರು ಗ್ರಾಮಿಗೂ ಅದೇ ವಾದ ಹುಟ್ಟುವುದು. ದೋಷವಿರುವುದು ಗೆರೆಯಲ್ಲಲ್ಲ, ಸಹಜ ತೂಕಕ್ಕಿಂತ ಬಹಳ ಕೆಳಗಿನ ಗೆರೆಯನ್ನು ಆಯ್ದುಕೊಳ್ಳಬೇಕಾಗಿ ಬರುವ ಪರಿಸ್ಥಿತಿಯಲ್ಲಿ.

ಶಾಲೆಗಳಿಗೆ ಇದು ದೂರದ ಮಾತಲ್ಲ. ಜೂಡೋ, ಕುಸ್ತಿಗಳಲ್ಲಿ ಶಾಲಾ ಬಾಲಕಿಯರಿಗೂ ತೂಕದ ವರ್ಗಗಳಿವೆ. ತಂಡದಲ್ಲಿ ಕೆಳಗಿನ ವರ್ಗ ತೆರವಾಗಿದೆಯೆಂದು ಹದಿಮೂರು-ಹದಿನಾಲ್ಕರ ಹುಡುಗಿಗೆ ಎರಡು ದಿನ ಅನ್ನ ಬಿಡಿಸುವುದು ಸಲ್ಲದು. ಅದು ಎತ್ತರ ಬೆಳೆಯುವ, ಎಲುಬು ಗಟ್ಟಿಯಾಗುವ ವಯಸ್ಸು. ದೀರ್ಘಕಾಲ ಆಹಾರ ಸಾಲದಾದರೆ ಋತುಚಕ್ರ ನಿಲ್ಲುವುದು, ಮೂಳೆ ಬಲಗುಂದುವುದು ವೈದ್ಯರು ಗುರುತಿಸಿದ ಸಂಗತಿ. ಋತುಕಾಲದಲ್ಲಿ ದೇಹ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ತೂಕ ತುಸು ಏರುವುದೂ ಸಹಜ. ಅದಕ್ಕಾಗಿ ಹುಡುಗಿಯನ್ನು ಗದರುವ ಶಿಕ್ಷಕರು ಆಕೆಯ ತಾಯಿಯನ್ನೊಮ್ಮೆ ಕೇಳಿದರೆ ಸಾಕು.

ಮಾಡಬಹುದಾದುದು ಕಷ್ಟದ್ದೇನೂ ಅಲ್ಲ. ಹದಿನೈದು ದಿನಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಗಿನ ಉಪಾಹಾರಕ್ಕೆ ಮುಂಚೆ ತೂಗಿ, ಎತ್ತರದೊಡನೆ ವಹಿಯಲ್ಲಿ ಬರೆದಿಡಬೇಕು. ಸ್ಪರ್ಧೆಗೆ ಹೆಸರು ಕಳುಹಿಸುವ ಮುನ್ನ ಮೂರು ತಿಂಗಳ ಅಂಕಿಗಳನ್ನು ನೋಡಬೇಕು. ತೂಕವು ಗೆರೆಗೆ ಒಂದು ಕಿಲೋದೊಳಗಿದ್ದು ಎತ್ತರವೂ ಏರುತ್ತಿದ್ದರೆ ಹೆಸರನ್ನು ಮೇಲಿನ ವರ್ಗಕ್ಕೇ ಬರೆಯಬೇಕು.