ಎರವಲಿನ ಅಳತೆ, ಎರವಲಿನ ಕರಾರು

೧೯೯೨ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ, ಅಮೆರಿಕದ ಎಂಐಟಿಯ ಪ್ರಾಧ್ಯಾಪಕರಾದ ರೊನಾಲ್ಡ್ ರಿವೆಸ್ಟ್ ಅವರು ಎಂಡಿ-೫ ಎಂಬ ಗಣನಕ್ರಮವನ್ನು ವಿವರಿಸಿ ಬರೆದ ಪ್ರಬಂಧವು, ಅಂತರಜಾಲದ ವಿಧಿಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಎಂಬ ಮಾಲಿಕೆಯಲ್ಲಿ ೧೩೨೧ನೆಯದಾಗಿ ಹೊರಬಂದಿತು. ಎಷ್ಟು ದೀರ್ಘವಾದ ಕಡತವನ್ನು ಕೊಟ್ಟರೂ ಅದನ್ನು ಅರೆದು, ಕಲಸಿ, ಕಡೆಗೆ ೧೨೮ ಬಿಟ್‌ಗಳ ಒಂದು ಮುದ್ರೆಯನ್ನಾಗಿ ಇಳಿಸುವುದು ಈ ಕ್ರಮದ ಕಾರ್ಯ. ಕಡತದಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಮುದ್ರೆಯು ಗುರುತು ಸಿಗದಷ್ಟು ಬೇರೆಯಾಗುವುದರಿಂದ, ದೂರದಿಂದ ತರಿಸಿಕೊಂಡ ಕಡತವು ಮಾರ್ಗಮಧ್ಯದಲ್ಲಿ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಅರಿಯಲು ಅದು ಸುಲಭೋಪಾಯವಾಯಿತು. (ಬೇಕೆಂದೇ ಮಾಡಿದ ವಂಚನೆಯನ್ನು ತಡೆಯುವ ಶಕ್ತಿ ಅದಕ್ಕೆ ಈಗ ಉಳಿದಿಲ್ಲ, ೨೦೦೪ರಲ್ಲಿ ಚೀನಾ ದೇಶದ ವಾಂಗ್ ಶಿಯಾವ್‌ಯುನ್ ಮತ್ತು ಅವರ ಸಂಗಡಿಗರು ಭಿನ್ನವಾದ ಎರಡು ಸಂದೇಶಗಳಿಗೆ ಒಂದೇ ಮುದ್ರೆ ಬರುವಂತೆ ಮಾಡಿ ತೋರಿಸಿದರು.) ಪ್ರಬಂಧದ ಅನುಬಂಧದಲ್ಲಿ ಸಿ ಭಾಷೆಯ ಕೋಡು ಸಿದ್ಧವಾಗಿಯೇ ಇದ್ದುದರಿಂದ, ತಂತ್ರಾಂಶ ಬರೆಯುವವರು ಅನೇಕರು ಅದನ್ನು ಎರವಲಾಗಿ ತೆಗೆದುಕೊಂಡು ತಮ್ಮ ಕೃತಿಗಳಲ್ಲಿ ಸೇರಿಸಿಕೊಂಡರು. ಹಾಗೆ ಸೇರಿದ ಕೋಡನ್ನು, ಅದು ಹುಟ್ಟಿದ ಮನೆಯ ಎರಡು ಸಂಗತಿಗಳು ಹಿಂಬಾಲಿಸಿ ಬಂದುವು: ಒಂದು ಅಳತೆ, ಇನ್ನೊಂದು ಕರಾರು.

ಅಳತೆಯ ವಿಷಯ ಹೀಗಿದೆ. ಎಂಡಿ-೫ ಕಡತವನ್ನು ೫೧೨ ಬಿಟ್‌ಗಳ ತುಂಡುಗಳನ್ನಾಗಿ ಮಾಡಿ, ಒಂದೊಂದು ತುಂಡನ್ನೂ ೬೪ ಹೆಜ್ಜೆಗಳಲ್ಲಿ ಕಲಸುತ್ತದೆ. ಕಲಸುವ ಪಾತ್ರೆಯಾದರೋ ತಲಾ ೩೨ ಬಿಟ್‌ಗಳ ನಾಲ್ಕು ಪದಗಳು. ಪ್ರತಿ ಹೆಜ್ಜೆಯಲ್ಲಿಯೂ ಒಂದು ಪದವನ್ನು ಜಪಮಾಲೆಯಂತೆ ಎಡಕ್ಕೆ ತಿರುಗಿಸಬೇಕು, ಎಂದರೆ ಎಡತುದಿಯಿಂದ ಹೊರಬಿದ್ದ ಬಿಟ್‌ಗಳು ಬಲತುದಿಗೆ ಬಂದು ಕೂಡಿಕೊಳ್ಳಬೇಕು. ಸಿ ಭಾಷೆಯಲ್ಲಿ ಇಂಥ ತಿರುಗಣೆಗೆ ಪ್ರತ್ಯೇಕವಾದ ಚಿಹ್ನೆ ಇಲ್ಲವಾದುದರಿಂದ, ಪದವನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಸರಿಸಿ ಎರಡನ್ನೂ ಜೋಡಿಸುವುದು ವಾಡಿಕೆ. ಅನುಬಂಧದ ಕೋಡೂ ಹಾಗೆಯೇ ಮಾಡಿತು. ಮತ್ತು ೩೨ ಬಿಟ್‌ಗಳ ಆ ಪದಕ್ಕೆ ಸಿ ಭಾಷೆಯ ‘ಲಾಂಗ್’ ಎಂಬ ಜಾತಿಯನ್ನು ಆರಿಸಿಕೊಂಡಿತು. ಆದರೆ ಲಾಂಗ್ ಎಂಬುದು ಕನಿಷ್ಠಪಕ್ಷ ೩೨ ಬಿಟ್‌ಗಳಿರತಕ್ಕದ್ದೆಂದು ಭಾಷೆಯ ನಿಯಮವೇ ಹೊರತು, ಅಷ್ಟೇ ಇರತಕ್ಕದ್ದೆಂದಲ್ಲ. ಸೇರು, ಕೊಳಗ ಎಂಬ ಹೆಸರುಗಳು ನಾಡಿಗೆಲ್ಲ ಒಂದೇ ಆಗಿದ್ದರೂ, ಮೆಟ್ರಿಕ್ ಪದ್ಧತಿ ಬರುವ ಮುನ್ನ ಅವುಗಳ ಪ್ರಮಾಣ ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದುದನ್ನು ಹಿರಿಯರು ಬಲ್ಲರು, ಇದೂ ಅಂಥದೇ.

ಅದೇ ೧೯೯೨ರಲ್ಲಿ ಡಿಜಿಟಲ್ ಕಂಪನಿಯ ಆಲ್ಫಾ ಸಂಸ್ಕಾರಕವು ಪ್ರಕಟವಾಯಿತು. ಅದರ ಯುನಿಕ್ಸ್ ವ್ಯವಸ್ಥೆಯಲ್ಲಿ ಲಾಂಗ್ ೬೪ ಬಿಟ್‌ಗಳಷ್ಟು ಅಗಲವಾಗಿದ್ದಿತು. ಅಲ್ಲಿ ಎಡತುದಿಯಿಂದ ಉದುರಬೇಕಾದ ಬಿಟ್‌ಗಳು ಉದುರದೆ ಮೇಲಣ ಅರ್ಧದಲ್ಲಿ ಅಡಗಿ ಕುಳಿತು, ಮುಂದಿನ ಸಲ ಬಲಕ್ಕೆ ಸರಿಸಿದಾಗ ಕರೆಯದ ಅತಿಥಿಗಳಂತೆ ಕೆಳಗಿಳಿದು ಲೆಕ್ಕವನ್ನು ಕೆಡಿಸಿದುವು. ಇದರ ನಿಜವಾದ ಅಪಾಯವಿರುವುದು ಮೌನದಲ್ಲಿ: ಕಂಪೈಲರ್ ಆಕ್ಷೇಪಿಸುವುದಿಲ್ಲ, ತಂತ್ರಾಂಶ ನಿಲ್ಲುವುದಿಲ್ಲ, ನೋಡಲು ಸರ್ವಥಾ ಸರಿಯೆನಿಸುವ ಒಂದು ಮುದ್ರೆ ಹೊರಬರುತ್ತದೆ, ಮತ್ತು ಅದು ತಪ್ಪಾಗಿರುತ್ತದೆ. ರಿವೆಸ್ಟ್ ಅವರು ಏಳು ಮಾದರಿ ಸಂದೇಶಗಳನ್ನೂ ಅವುಗಳಿಗೆ ಬರಬೇಕಾದ ಮುದ್ರೆಗಳನ್ನೂ ಪ್ರಬಂಧದೊಡನೆ ಅಚ್ಚುಮಾಡಿಸಿದ್ದುದು ಎಂಥ ಉಪಕಾರವೆಂಬುದು ಇಲ್ಲಿ ತಿಳಿಯುತ್ತದೆ. ಆ ಏಳನ್ನು ನಡೆಸಿ ನೋಡಿದವನಿಗೆ ದೋಷವು ಕ್ಷಣಮಾತ್ರದಲ್ಲಿ ಬಯಲಾಗುತ್ತಿತ್ತು.

ಇನ್ನು ಕರಾರು. ಕೋಡಿನ ಕೃತಿಸ್ವಾಮ್ಯವು ಆರ್‌ಎಸ್‌ಎ ಡೇಟಾ ಸೆಕ್ಯುರಿಟಿ ಎಂಬ ಕಂಪನಿಯದಾಗಿತ್ತು. ಯಾರು ಬೇಕಾದರೂ ಅದನ್ನು ಬಳಸಬಹುದು, ತಿದ್ದಲೂಬಹುದು. ಆದರೆ ಅದನ್ನು ಪ್ರಸ್ತಾಪಿಸುವ ಸಮಸ್ತ ಬರಹಗಳಲ್ಲಿಯೂ ಕಂಪನಿಯ ಹೆಸರಿನೊಡನೆಯೇ ಅದನ್ನು ಗುರುತಿಸಬೇಕೆಂಬುದು ಷರತ್ತು. ಉಪಕಾರಸ್ಮರಣೆ ಸಜ್ಜನರ ಲಕ್ಷಣವಷ್ಟೆ, ಇದರಲ್ಲಿ ಕಷ್ಟವೇನೆಂದು ಕೇಳಬಹುದು. ಕಷ್ಟವೇನೆಂದರೆ, ಮುಕ್ತ ತಂತ್ರಾಂಶಗಳಿಗೆ ಬಳಸುವ ೧೯೯೧ರ ಜಿಪಿಎಲ್ ಪರವಾನಗಿಯು ತಾನು ವಿಧಿಸಿದುದಕ್ಕಿಂತ ಹೆಚ್ಚಿನ ಯಾವ ನಿರ್ಬಂಧವನ್ನೂ ಪಡೆಯುವವರ ಮೇಲೆ ಹೇರಕೂಡದೆನ್ನುತ್ತದೆ. ಈ ಕೋಡನ್ನೂ ಜಿಪಿಎಲ್ ಪರವಾನಗಿಯ ಕೋಡನ್ನೂ ಒಂದೇ ತಂತ್ರಾಂಶದಲ್ಲಿ ಕೂಡಿಸಿದವನು ಒಂದು ಮಾತನ್ನು ನಡೆಸಲು ಹೋಗಿ ಇನ್ನೊಂದಕ್ಕೆ ತಪ್ಪಬೇಕಾಗುತ್ತದೆ. ಅದಲ್ಲದೆ ಕಡ್ಡಾಯದ ಸ್ಮರಣೆಗಳು ಬೆಳೆಯುತ್ತ ಹೋಗುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಹುಟ್ಟಿದ ಯುನಿಕ್ಸ್ ಕೋಡಿಗೂ ಇದನ್ನು ಹೋಲುವ ಜಾಹೀರಾತಿನ ಷರತ್ತಿತ್ತು. ಜಿಪಿಎಲ್ ಪರವಾನಗಿಯ ಕರ್ತೃಗಳಾದ ರಿಚರ್ಡ್ ಸ್ಟಾಲ್ಮನ್ ಅವರು, ಆ ಕೋಡಿನಿಂದ ಬೆಳೆದ ನೆಟ್‌ಬಿಎಸ್‌ಡಿ ವ್ಯವಸ್ಥೆಯ ೧೯೯೭ರ ಒಂದು ಆವೃತ್ತಿಯಲ್ಲಿ ಎಣಿಸಿ ನೋಡಿದಾಗ ಅಂಥ ವಾಕ್ಯಗಳು ೭೫ ಸಿಕ್ಕಿದುವು. ೧೯೯೯ರ ಜುಲೈಯಲ್ಲಿ ವಿಶ್ವವಿದ್ಯಾನಿಲಯವು ಆ ಷರತ್ತನ್ನು ಹಿಂತೆಗೆದುಕೊಂಡಿತು.

ಷರತ್ತು ಹಾಕಿದವರೇ ಹಿಂತೆಗೆದುಕೊಳ್ಳುವವರೆಗೆ ಕಾಯಲಾರದವರಿಗೆ ಕಾನೂನೇ ಒಂದು ಬಾಗಿಲನ್ನು ತೆರೆದಿಟ್ಟಿದೆ. ಕೃತಿಸ್ವಾಮ್ಯವು ಬರೆದ ಮಾತಿಗೆ ಸಲ್ಲುತ್ತದೆಯೇ ವಿನಾ ಮಾತಿನ ಹಿಂದಿರುವ ವಿಧಾನಕ್ಕೆ ಸಲ್ಲುವುದಿಲ್ಲ. ೧೯೯೩ರಲ್ಲಿ ಕಾಲಿನ್ ಪ್ಲಂಬ್ ಅವರು ಅದೇ ಗಣನಕ್ರಮವನ್ನು ಹೊಸದಾಗಿ ಬರೆದು, ಯಾವ ಸ್ವಾಮ್ಯವನ್ನೂ ಇಟ್ಟುಕೊಳ್ಳದೆ ಲೋಕಕ್ಕೆ ಬಿಟ್ಟುಕೊಟ್ಟರು. ೧೯೯೯ರಲ್ಲಿ, ಘೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದ ಕರ್ತೃಗಳಾದ ಪೀಟರ್ ಡಾಯ್ಚ್ ಅವರು ತೋರಿಸಿದ ಸೂಕ್ಷ್ಮತೆ ನನಗೆ ಇನ್ನೂ ಹೆಚ್ಚು ಹಿಡಿಸುತ್ತದೆ: ತಮ್ಮ ಕೋಡು ಪ್ರಬಂಧದ ವಿವರಣೆಯಿಂದಲೂ ಅದರ ಪರೀಕ್ಷಾ ಮಾದರಿಗಳಿಂದಲೂ ಹುಟ್ಟಿದ್ದೆಂದೂ, ಅನುಬಂಧದ ಉಳಿದ ಭಾಗದಿಂದ ಏನನ್ನೂ ತೆಗೆದುಕೊಂಡಿಲ್ಲವೆಂದೂ ಅವರು ಕಡತದ ಶಿರೋಭಾಗದಲ್ಲಿಯೇ ಸ್ಪಷ್ಟವಾಗಿ ಬರೆದಿಟ್ಟರು. ಎರವಲಿನ ಮೂಲವನ್ನು ಇಷ್ಟು ನಿಚ್ಚಳವಾಗಿ ಹೇಳುವ ಕಡತವನ್ನು ಮುಂದೆ ಬಳಸುವವನು ನಿಶ್ಚಿಂತನಾಗಿರಬಹುದು.

ಹೊಸದಾಗಿ ಬರೆದ ಮಾತ್ರಕ್ಕೆ ಕೋಡು ನಿರ್ದೋಷವಾಗುವುದಿಲ್ಲವೆಂಬುದನ್ನೂ ಹೇಳಬೇಕು. ಪ್ಲಂಬ್ ಅವರ ಕೋಡಿನಲ್ಲಿ, ಕೆಲಸ ಮುಗಿದ ಮೇಲೆ ಗುಟ್ಟಿನ ಶೇಷವೇನೂ ಉಳಿಯದಂತೆ ೮೮ ಬೈಟ್‌ಗಳ ಕೆಲಸದ ಜಾಗವನ್ನೆಲ್ಲ ಸೊನ್ನೆಯಿಂದ ಅಳಿಸುವ ಸಾಲೊಂದಿತ್ತು. ಒಂದು ನಕ್ಷತ್ರಚಿಹ್ನೆ ಬಿಟ್ಟುಹೋದುದರಿಂದ ಅದು ಜಾಗದ ಅಳತೆಗೆ ಬದಲಾಗಿ ಜಾಗದ ವಿಳಾಸದ ಅಳತೆಯನ್ನು ಹಿಡಿಯಿತು. ಮನೆಯನ್ನು ಸಾರಿಸಹೊರಟವನು ವಿಳಾಸದ ಚೀಟಿಯಷ್ಟಗಲ ನೆಲವನ್ನು ಸಾರಿಸಿ ಬಂದಂತೆ, ನಾಲ್ಕೋ ಎಂಟೋ ಬೈಟ್‌ಗಳು ಮಾತ್ರ ಅಳಿಸಲ್ಪಟ್ಟುವು. ಮುದ್ರೆ ಸರಿಯಾಗಿಯೇ ಬರುತ್ತಿದ್ದುದರಿಂದ ಏಳು ಮಾದರಿಗಳೂ ಇದನ್ನು ಹಿಡಿಯಲಾರದೆ ಹೋದುವು, ಮತ್ತು ದೋಷವು ಪ್ರತಿಯಿಂದ ಪ್ರತಿಗೆ ಸಾಗಿತು.

ಅಳತೆ ಮತ್ತು ಕರಾರು ಎಂಬ ಎರಡು ತೊಡಕುಗಳನ್ನೂ ಒಂದೇ ದೃಷ್ಟಿಯಿಂದ ಕಂಡವರು, ಸೋಲಾರ್ ಡಿಸೈನರ್ ಎಂಬ ಹೆಸರಿನಿಂದ ಖ್ಯಾತರಾದ ರಷ್ಯದ ಅಲೆಕ್ಸಾಂಡರ್ ಪೆಸ್ಲ್ಯಾಕ್. ಅವರು ೨೦೦೧ರಲ್ಲಿ ಬರೆದು, ಮುಂದೆ ಪಿಎಚ್‌ಪಿ ಭಾಷೆಯೂ ಸ್ವೀಕರಿಸಿದ ಕೋಡು ಪದದ ಅಗಲ ಇಷ್ಟೇ ಎಂದು ನಂಬಿ ನಡೆಯುವುದಿಲ್ಲ. ೩೨ ಬಿಟ್ ಅಥವಾ ಅದಕ್ಕಿಂತ ಅಗಲವಾದ ಯಾವ ಜಾತಿಯಾದರೂ ಸರಿಯೇ, ಏಕೆಂದರೆ ಬಲಕ್ಕೆ ಸರಿಸುವ ಮೊದಲು ೩೨ರಿಂದಾಚೆಗಿರುವ ಬಿಟ್‌ಗಳನ್ನೆಲ್ಲ ಅದು ತಾನೇ ಮರೆಮಾಡಿಬಿಡುತ್ತದೆ. ಪರವಾನಗಿಯನ್ನೂ ಅವರು ಇದೇ ರೀತಿಯಲ್ಲಿ ರಚಿಸಿದ್ದಾರೆ. ಕೃತಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದೇನೆಂಬುದು ಮೊದಲ ಮಾತು. ಆದರೆ ಜರ್ಮನಿಯಂಥ ದೇಶಗಳಲ್ಲಿ ಕರ್ತೃವು ತನ್ನ ಸ್ವಾಮ್ಯವನ್ನು ಸಂಪೂರ್ಣವಾಗಿ ತ್ಯಜಿಸಲಾರನಾದುದರಿಂದ, ಈ ತ್ಯಾಗವು ಎಲ್ಲಿಯಾದರೂ ಅಸಿಂಧುವೆನಿಸಿದಲ್ಲಿ, ಸ್ವಾಮ್ಯವು ತಮ್ಮದೆಂದೂ, ತಿದ್ದಿಯಾಗಲಿ ತಿದ್ದದೆಯಾಗಲಿ ಬಳಸಲು ಮತ್ತು ಹಂಚಲು ಸರ್ವರಿಗೂ ಅನುಮತಿಯಿದೆಯೆಂದೂ ಎರಡನೆಯ ಮಾತನ್ನು ಅದರ ಕೆಳಗೇ ಬರೆದಿದ್ದಾರೆ.