ಸಂತೆಯ ಚೀಟಿಯೂ ಬೇಸಾಯದ ಕೆಲಸದ ಪಟ್ಟಿಯೂ

ನಮ್ಮ ಗ್ರಾಮಗಳಲ್ಲಿ ಮದುವೆಯೊಂದು ನಿಶ್ಚಯವಾಯಿತೆಂದರೆ ಮೊದಲು ಆಗುವ ಕೆಲಸವು ಸಾಮಾನಿನ ಪಟ್ಟಿಯನ್ನು ಬರೆಯುವುದು. ಮನೆಯ ಹಿರಿಯರು ಜಗಲಿಯ ಮೇಲೆ ಕುಳಿತು, ಕಾಗದದ ಮೇಲ್ಗಡೆ ಶ್ರೀಕಾರವನ್ನು ಬರೆಯಿಸಿ, ಅರಿಶಿನ ಕುಂಕುಮಗಳಿಂದ ಮೊದಲುಮಾಡಿ, ಅಕ್ಕಿ ಬೇಳೆ ಬೆಲ್ಲಗಳನ್ನು ತೂಕಸಹಿತ ಹೇಳುತ್ತ, ಕರ್ಪೂರ ಊದುಕಡ್ಡಿಗಳವರೆಗೆ ಒಂದನ್ನೂ ಬಿಡದೆ ಬರೆಯಿಸುವರು. ಎರಡು ದಿನದ ಸಮಾರಂಭಕ್ಕೆ ಇಷ್ಟು ಎಚ್ಚರಿಕೆಯನ್ನು ವಹಿಸುವ ಯಜಮಾನರೇ, ವರ್ಷವಿಡೀ ಮನೆಯನ್ನು ಸಾಕುವ ಬೇಸಾಯಕ್ಕೆ ಒಂದು ಚೂರು ಕಾಗದವನ್ನೂ ವೆಚ್ಚಮಾಡದಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಕೇಳಿದರೆ, “ಎಲ್ಲವೂ ತಲೆಯಲ್ಲಿದೆ ಸ್ವಾಮಿ” ಎಂಬ ಉತ್ತರವು ದೊರೆಯುವುದು.

ತಲೆಯಲ್ಲಿರುವುದು ನಿಜವೇ. ಹತ್ತು ವರ್ಷದ ಹಿಂದೆ ಆರಿದ್ರಾ ಮಳೆಯು ಯಾವ ಪಾದದಲ್ಲಿ ಬಿದ್ದಿತೆಂಬುದನ್ನು ತಟ್ಟನೆ ಹೇಳಬಲ್ಲ ರೈತರ ಜ್ಞಾಪಕಶಕ್ತಿಯನ್ನು ಕಡಿಮೆಯೆನ್ನುವ ಧೈರ್ಯವು ಈ ಲೇಖಕನಿಗಿಲ್ಲ. ಆದರೆ ಒಬ್ಬರ ತಲೆಯೊಳಗಿರುವ ಪಟ್ಟಿಯನ್ನು ಮತ್ತೊಬ್ಬರು ಓದಲಾರರು. ನಾವು ಮನೆಯಲ್ಲಿಲ್ಲದ ದಿನ ನಮ್ಮ ಕೆಲಸವನ್ನು ಮತ್ತೊಬ್ಬರು ನಡೆಸಬೇಕಾದರೆ ಅದು ಬರಹದಲ್ಲಿರಬೇಕು. ಪಟ್ಟಿಯಿಂದಾಗುವ ಮುಖ್ಯ ಪ್ರಯೋಜನವು ಇದೇ ಎಂದು ನನ್ನ ಅಭಿಪ್ರಾಯ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ಕೆಲವು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಒಂದು ಗ್ರಾಮದಲ್ಲಿ ಊರಿನ ಮುಖಂಡರೂ ಆಗಿದ್ದ ಒಬ್ಬ ಭೂಮಾಲೀಕರು ನನ್ನ ಸಲಹೆಯಂತೆ ಎರಡು ತಳಿಗಳ ರಾಗಿ ಬೀಜವನ್ನು ತರಿಸಿದ್ದರು. ಒಂದು ಸುಮಾರು 4 ತಿಂಗಳಿಗೆ ಬರುವ ದೀರ್ಘಾವಧಿಯ ತಳಿ. ಇನ್ನೊಂದು ಸುಮಾರು 100 ದಿನಗಳಿಗೆ ಬರುವ ಅಲ್ಪಾವಧಿಯ ತಳಿ. ಮೊದಲನೆಯದನ್ನು ಆರಿದ್ರಾ ಮಳೆಗೆ ದೊಡ್ಡ ಹೊಲದಲ್ಲಿಯೂ, ಎರಡನೆಯದನ್ನು ಮುಂಗಾರು ಎಳ್ಳನ್ನು ಕಿತ್ತ ನಂತರ ಮರಡಿ ಹೊಲದಲ್ಲಿಯೂ ಬಿತ್ತತಕ್ಕದ್ದೆಂದು ಬದುವಿನ ಮೇಲೆ ಹೊಂಗೆಮರದ ನೆರಳಿನಲ್ಲಿ ನಿಂತು ನಾನು ಬಾಯಿಮಾತಿನಲ್ಲಿ ಹೇಳಿದೆನು. ಅವರು ತಲೆಯಾಡಿಸಿದರು. ಬೀಜವನ್ನು ಮನೆಯ ಎರಡು ಚೀಲಗಳಿಗೆ ಸುರಿದು ಅಟ್ಟಕ್ಕೆ ಏರಿಸಿದರು. ಅವರಿಗೆ ಯಾವ ಚೀಲದಲ್ಲಿ ಯಾವ ಬೀಜವೆಂಬುದು ಚೆನ್ನಾಗಿ ಗೊತ್ತಿತ್ತು.

ಮೃಗಶಿರಾ ಮಳೆಯ ಕಡೆಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ನಾನು ಆಗ ಎರಡು ತಿಂಗಳ ಕಾಲ ಬೇರೊಂದು ಹೋಬಳಿಯ ಕೆಲಸದ ಮೇಲೆ ಹೋಗಿದ್ದೆನು. ಆರಿದ್ರಾ ಹದವಾಗಿ ಬಿದ್ದಿತು. ಮನೆಯವರೂ ಹುಡುಗರೂ ಅಟ್ಟದಿಂದ ಕೈಗೆ ಸಿಕ್ಕಿದ ಚೀಲವನ್ನು ಇಳಿಸಿ ದೊಡ್ಡ ಹೊಲವನ್ನು ಬಿತ್ತಿದರು. ಉಳಿದ ಚೀಲವು ಮಘಾ ಮಳೆಗೆ ಮರಡಿ ಹೊಲಕ್ಕೆ ಹೋಯಿತು. ರಾಗಿಯ ಕಾಳನ್ನು ನೋಡಿ ತಳಿಯನ್ನು ಹೇಳುವುದು ನಮಗೂ ಸಾಧ್ಯವಿಲ್ಲವೆಂದ ಮೇಲೆ ಅವರ ತಪ್ಪೇನು? ಸೆಪ್ಟೆಂಬರಿನ ಮೊದಲಲ್ಲಿ ನಾನು ಆ ದಾರಿಯಲ್ಲಿ ಬಂದಾಗ ದೊಡ್ಡ ಹೊಲವು ಆಗಲೇ ತೆನೆ ಬಿಟ್ಟಿದ್ದಿತು. ನೋಡಿದ ಕೂಡಲೆ ಚೀಲಗಳು ಅದಲುಬದಲಾದುವೆಂದು ತಿಳಿಯಿತು. ತಿಳಿದು ಮಾಡಬಹುದಾದುದು ಏನೂ ಉಳಿದಿರಲಿಲ್ಲ. ಅಲ್ಪಾವಧಿಯ ಬೆಳೆಯು ಅಕ್ಟೋಬರಿನ ಮಳೆಯಲ್ಲಿ ಬಲಿತು, ಕೊಯ್ಯಲು ಬಿಡುವು ಸಿಕ್ಕದೆ, ತೆನೆಯಲ್ಲಿಯೇ ಮೊಳಕೆಯೊಡೆಯಿತು. ಮರಡಿಯ ದೀರ್ಘಾವಧಿಯ ಬೆಳೆಯು ಕಾಳು ಕಟ್ಟುವ ಹೊತ್ತಿಗೆ ಮಳೆ ಹಿಂದೆಗೆದು, ಬಹುಭಾಗ ಜೊಳ್ಳಾಯಿತು. ಎಲ್ಲವನ್ನೂ ತಿಳಿದಿದ್ದ ಯಜಮಾನರು ನಡುಮನೆಯಲ್ಲಿ ಮಲಗಿ ಹೊರಗಿನ ಮಾತುಗಳನ್ನು ಕೇಳುತ್ತಿದ್ದರು, ಹೇಳಲು ಬಾಯಿಯಿರಲಿಲ್ಲ. ಚೀಲದ ಬಾಯಿಗೆ ಒಂದು ಚೀಟಿಯನ್ನು ಕಟ್ಟಿದ್ದರೆ ಸಾಕಾಗಿತ್ತು. ಕಟ್ಟಿರೆಂದು ಹೇಳದೆ ಹೋದುದು ನನ್ನ ತಪ್ಪು. ಅಂದಿನಿಂದ ನಾನು ಹೊಲದಲ್ಲಿ ಕೊಡುವ ಸಲಹೆಯನ್ನೆಲ್ಲ ಮಸಿಕಾಗದವಿಟ್ಟು ಎರಡು ಪ್ರತಿ ಬರೆದು, ಒಂದನ್ನು ಮನೆಯವರಿಗೆ ಕೊಡುವ ಅಭ್ಯಾಸವನ್ನಿಟ್ಟುಕೊಂಡಿದ್ದೇನೆ.

ಇನ್ನು ಚೀಟಿಯನ್ನು ಬರೆಯುವ ಕ್ರಮಕ್ಕೆ ಬರೋಣ. ಸಂತೆಗೆ ಹೊರಡುವ ಬೆಳಿಗ್ಗೆ, ಎತ್ತಿನ ಗಾಡಿಯೋ ಟ್ರಾಕ್ಟರೋ ಬಾಗಿಲಲ್ಲಿ ನಿಂತಿರುವಾಗ ಬರೆದ ಚೀಟಿಯು ಅರ್ಧ ಚೀಟಿ. ಮೂರು ನಾಲ್ಕು ದಿನ ಮುಂಚೆಯೇ ಒಂದು ಕಾಗದವನ್ನು ಅಡಿಗೆಮನೆಯ ಬಾಗಿಲಿನಲ್ಲಿ ಸಿಕ್ಕಿಸಿ, ಯಾವುದು ಮುಗಿಯಿತೋ ಅದನ್ನು ಮುಗಿದ ಗಳಿಗೆಯಲ್ಲಿಯೇ ಬರೆಯುತ್ತ ಹೋಗಬೇಕು. ನಮ್ಮ ಹೆಣ್ಣುಮಕ್ಕಳು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವುದು ಇದೇ ಉದ್ದೇಶದಿಂದ. ಆದರೆ ಮೂರು ಗಂಟುಗಳಿವೆಯೆಂದು ತಿಳಿಯುವುದೇ ಹೊರತು ಮೂರನೆಯದು ಉಪ್ಪಿಗೋ ದೀಪದ ಬತ್ತಿಗೋ ಎಂಬುದು ಸಂತೆಯ ಗದ್ದಲದಲ್ಲಿ ಮರೆತುಹೋಗುವುದುಂಟು. ಹೊರಡುವ ಹಿಂದಿನ ಸಂಜೆ ಯಜಮಾನರು ಚೀಟಿಯನ್ನು ಕೈಯಲ್ಲಿ ಹಿಡಿದು ಕೊಟ್ಟಿಗೆ, ಅಟ್ಟ, ಗೊಬ್ಬರದ ಕೋಣೆ ಇವುಗಳನ್ನು ಒಂದು ಸುತ್ತು ಬರತಕ್ಕದ್ದು. ಇರುವುದನ್ನು ಕಣ್ಣಿನಿಂದ ನೋಡಿದ ಮೇಲೆಯೇ ಬೇಕಾದುದನ್ನು ಬರೆಯಬೇಕು. ಹಗ್ಗವಿಲ್ಲವೆಂದು ಹಗ್ಗವನ್ನು ತಂದ ಮೇಲೆ ಅಟ್ಟದಲ್ಲಿ ಹೊಸ ಹಗ್ಗವೇ ಕಂಡುಬಂದ ಮನೆಗಳನ್ನು ನಾನು ಬಲ್ಲೆನು.

ಪದಾರ್ಥದ ಹೆಸರಿಗಿಂತ ಪ್ರಮಾಣದಲ್ಲಿ ಹೆಚ್ಚು ತಪ್ಪುಗಳಾಗುತ್ತವೆ. “ಯೂರಿಯಾ, ಎರಡು ಮೂಟೆ” ಎಂದು ಬರೆಯುವುದು ರೂಢಿ. ಯೂರಿಯಾ ಮೂಟೆಯು 2018ರಿಂದ ಈಚೆಗೆ 45 ಕಿಲೋ ಆಗಿದೆ; ಡಿ.ಎ.ಪಿ. ಮೂಟೆಯು 50 ಕಿಲೋ. ಹಳೆಯ ಅಭ್ಯಾಸದಂತೆ ಯೂರಿಯಾವನ್ನೂ 50 ಎಂದು ಎಣಿಸುವವರು 4 ಮೂಟೆ ತಂದರೆ 20 ಕಿಲೋ ಕಡಮೆ ತಂದಂತಾಗುವುದು. ಆದಕಾರಣ ಮೊದಲು ಕಿಲೋ ಲೆಕ್ಕವನ್ನು ಬರೆದು, ಆಮೇಲೆ ಮೂಟೆಗೆ ಪರಿವರ್ತಿಸತಕ್ಕದ್ದು.

ಉದಾಹರಣೆಗೆ 3 ಎಕರೆ ಮಳೆಯಾಶ್ರಯದ ರಾಗಿಯನ್ನು ಕೂರಿಗೆಯಿಂದ ಬಿತ್ತುವುದೆಂದಿಟ್ಟುಕೊಳ್ಳೋಣ. ಎಕರೆಗೆ 4 ಕಿಲೋ ಮೇರೆ ಬೀಜ 12 ಕಿಲೋ. ಎಕರೆಗೆ 20 ಕಿಲೋ ಸಾರಜನಕ, 16 ಕಿಲೋ ರಂಜಕ ಕೊಡುವುದಾದರೆ ಒಟ್ಟು 60 ಮತ್ತು 48 ಕಿಲೋ ಬೇಕು. ಡಿ.ಎ.ಪಿ.ಯಲ್ಲಿ ನೂರಕ್ಕೆ 46 ರಂಜಕ, 18 ಸಾರಜನಕ ಇರುವುದರಿಂದ 105 ಕಿಲೋ ಡಿ.ಎ.ಪಿ.ಯು ರಂಜಕವನ್ನೆಲ್ಲ ಪೂರೈಸಿ ಸುಮಾರು 19 ಕಿಲೋ ಸಾರಜನಕವನ್ನೂ ಕೊಡುವುದು. ಉಳಿದ 41 ಕಿಲೋ ಸಾರಜನಕಕ್ಕೆ, ನೂರಕ್ಕೆ 46 ಸಾರಜನಕವುಳ್ಳ ಯೂರಿಯಾ ಸುಮಾರು 90 ಕಿಲೋ, ಎಂದರೆ ಸರಿಯಾಗಿ 2 ಮೂಟೆ. ಸಾರಜನಕದ ಅರ್ಧಭಾಗವು ಬಿತ್ತನೆಯ ಕಾಲಕ್ಕೆ ಸಾಕಾದುದರಿಂದ ಅಂದು ಬೇಕಾಗುವ ಯೂರಿಯಾ ಸುಮಾರು 24 ಕಿಲೋ ಮಾತ್ರ; ಮಿಕ್ಕ 66 ಕಿಲೋ ಕಳೆ ತೆಗೆದ ಮೇಲೆ ಹದ ನೋಡಿ ಹಾಕುವ ಮೇಲುಗೊಬ್ಬರ. ಇದನ್ನು ಚೀಟಿಯಲ್ಲಿಯೇ ಎರಡು ಸಾಲಾಗಿ ಬರೆದಿಟ್ಟರೆ, ಆಳುಗಳು ಎರಡು ಮೂಟೆಯನ್ನೂ ಒಂದೇ ದಿನ ಚೆಲ್ಲಿ ಬರುವ ಅಪಾಯವು ತಪ್ಪುವುದು. ಪೊಟ್ಯಾಷನ್ನು ಇಲ್ಲಿ ಲೆಕ್ಕಕ್ಕೆ ತಂದಿಲ್ಲ. ಮಣ್ಣು ಪರೀಕ್ಷೆಯಾಗಿರುವ ಹೊಲಗಳಲ್ಲಿ ಆ ವರದಿಯ ಪ್ರಮಾಣಗಳನ್ನೇ ಅನುಸರಿಸತಕ್ಕದ್ದು.

ಕೀಟ ರೋಗಗಳ ಔಷಧಿಯ ವಿಷಯದಲ್ಲಿ ಇನ್ನೊಂದು ಮಾತು. “ಹುಳುವಿನ ಔಷಧಿ, ಒಂದು ಸೀಸೆ” ಎಂದು ಬರೆದ ಚೀಟಿಯು ಅಂಗಡಿಯವರ ಕೈಗೆ ನಾವೇ ಕೊಟ್ಟ ಸಹಿ ಮಾಡಿದ ಖಾಲಿ ಕಾಗದವಿದ್ದಂತೆ. ಔಷಧಿಯ ರಾಸಾಯನಿಕ ಹೆಸರು, ಅದರ ಶೇಕಡಾ ಅಂಶ, ಯಾವ ಬೆಳೆಗೆ, ಯಾವ ಹುಳುವಿಗೆ ಎಂಬಿವನ್ನು ಬರೆಯಬೇಕು. ಅದು ಸಿಕ್ಕದಿದ್ದರೆ ಬದಲು ತರಬೇಕೋ ಬರಿಗೈಯಲ್ಲಿ ಹಿಂತಿರುಗಬೇಕೋ ಎಂಬುದನ್ನೂ ಬರೆಯಬೇಕು. “ಅದಿಲ್ಲ, ಇದು ಅದಕ್ಕಿಂತ ಮೇಲು” ಎಂಬ ಮಾತಿಗೆ ಎದುರುಹೇಳುವ ಶಕ್ತಿಯು ಸಂತೆಗೆ ಹೋದ ಹುಡುಗನಿಗೆ ಇರುವುದಿಲ್ಲ, ಚೀಟಿಗೆ ಇರುತ್ತದೆ. ಡಬ್ಬಿಯ ಮೇಲೆ ಕೆಂಪು ತ್ರಿಕೋಣವಿದ್ದರೆ ಅತ್ಯಂತ ವಿಷವುಳ್ಳದ್ದೆಂದು ಮನೆಯವರೆಲ್ಲರಿಗೂ ತಿಳಿದಿರಲಿ.

ಸಾಮಾನು ಬಂದ ಮೇಲೆ ಚೀಟಿಯನ್ನು ಒಲೆಗೆ ಹಾಕಬಾರದು. ಅದರ ಹಿಂಬದಿಯಲ್ಲಿ ಕೊಟ್ಟ ಬೆಲೆಯನ್ನು ಗುರುತುಮಾಡಿ ರಶೀದಿಯೊಡನೆ ತಂತಿಗೆ ಚುಚ್ಚಿಡತಕ್ಕದ್ದು. ಪ್ರಮಾಣಿತ ಬೀಜದ ಚೀಲಕ್ಕೆ ಹೊಲಿದಿರುವ ನೀಲಿ ಚೀಟಿಯನ್ನೂ ಕೊಯ್ಲಿನವರೆಗೆ ಕಾಪಾಡಬೇಕು. ಮೊಳಕೆ ಬಾರದೆ ಹೋದ ಪಕ್ಷದಲ್ಲಿ ವಿಚಾರಣೆಗೆ ಬರುವ ಅಧಿಕಾರಿಯು ಮೊದಲು ಕೇಳುವುದು ಈ ಎರಡನ್ನೇ.

ಕೆಲಸದ ಪಟ್ಟಿಯ ರೀತಿಯೇ ಬೇರೆ. ಪಟ್ಟಣದ ಕಚೇರಿಯವರು ಗಂಟೆಯ ಪ್ರಕಾರ ಬರೆಯುವರು. ನಮ್ಮದು ಮಳೆಯ ಪ್ರಕಾರ ಇರಬೇಕು. ಒಂದು ಹಾಳೆಯನ್ನು ನಾಲ್ಕು ಪಾಲುಮಾಡಿ, ಮಳೆಗೆ ಮುಂಚೆ ಮುಗಿಯಬೇಕಾದುವು, ಮಳೆ ಬಿದ್ದ ಮಾರನೆಯ ದಿನ ಆಗಬೇಕಾದುವು, ಹದವಿರುವವರೆಗೆ ಮಾಡಬಹುದಾದುವು, ಮಳೆ ಹಿಡಿದು ಹೊಲಕ್ಕೆ ಇಳಿಯಲಾಗದ ದಿನದವು ಎಂದು ವಿಂಗಡಿಸಿದರೆ ಸಾಕು. ಕೂರಿಗೆಯ ತಾಳನ್ನು ಬಡಗಿಗೆ ತೋರಿಸುವುದು, ಕುಂಟೆಯ ಕುಳವನ್ನು ಕುಲುಮೆಗೆ ಕಳುಹಿಸುವುದು, ಬದುವಿನ ಒಡಕನ್ನು ಮುಚ್ಚುವುದು, ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಸಾಗಿಸುವುದು, ನೂರು ಬೀಜವನ್ನು ಎಣಿಸಿ ಒದ್ದೆಬಟ್ಟೆಯಲ್ಲಿ ಕಟ್ಟಿ ಮೊಳಕೆಯನ್ನು ಪರೀಕ್ಷಿಸುವುದು, ಬಾಡಿಗೆಯ ಟ್ರಾಕ್ಟರಿಗೆ ಹೇಳಿಡುವುದು, ಇವೆಲ್ಲ ಮೊದಲನೆಯ ಪಾಲಿನವು. ಮೇ 25ರ ಸುಮಾರಿಗೆ ರೋಹಿಣಿ ಹುಟ್ಟುವ ಮುಂಚೆಯೇ ಇವುಗಳ ಮೇಲೆ ಗೆರೆ ಬಿದ್ದಿರಬೇಕು. ಕೆಮ್ಮಣ್ಣಿನ ಹೊಲದಲ್ಲಿ ಬಿತ್ತನೆಯ ಹದವು ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆ ದಿನಗಳಲ್ಲಿ ಕಮ್ಮಾರನ ಮನೆಯ ಮುಂದೆ ಕುಳಿತಿರುವ ರೈತನಿಗೆ ಮಳೆ ಬಿದ್ದೂ ಬೀಳದಂತೆಯೇ ಸರಿ. ನಾಲ್ಕನೆಯ ಪಾಲಿನಲ್ಲಿ ಹಗ್ಗ ಹೊಸೆಯುವುದು, ಚೀಲಗಳಿಗೆ ತೇಪೆ ಹಾಕುವುದು, ಕುಡುಗೋಲಿಗೆ ಹಿಡಿ ಕೂರಿಸುವುದು ಮುಂತಾದುವನ್ನು ಬರೆದಿಟ್ಟರೆ ಆಳುಗಳ ಕೂಲಿಯು ವ್ಯರ್ಥವಾಗದು.

ಪ್ರತಿಯೊಂದು ಕೆಲಸದ ಮುಂದೆಯೂ ಅದನ್ನು ಮಾಡತಕ್ಕವರ ಹೆಸರಿರಬೇಕು. ಹೆಸರಿಲ್ಲದ ಕೆಲಸವನ್ನು ಎಲ್ಲರೂ ಬೇರೆಯವರದೆಂದು ತಿಳಿಯುವರು. ಮೂರು ದಿನಗಳಿಂದ ಹಾಗೆಯೇ ಮುಂದಕ್ಕೆ ಬರುತ್ತಿರುವ ಕೆಲಸವೊಂದಿದ್ದರೆ ಆಳನ್ನು ಗದರಿಸುವುದಕ್ಕೆ ಮೊದಲು ಅದೇಕೆ ನಿಂತಿದೆಯೆಂದು ವಿಚಾರಿಸುವುದು ಮೇಲು; ಬಹುವೇಳೆ ಒಂದು ಬೋಲ್ಟಿಗೋ ನೂರು ರೂಪಾಯಿಗೋ ಅದು ಕಾದಿರುತ್ತದೆ. ಓದುಬಾರದ ಆಳುಗಳಿರುವ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ರಾತ್ರಿ ಊಟದ ಹೊತ್ತಿಗೆ ನಾಳೆಯ ಪಟ್ಟಿಯನ್ನು ಗಟ್ಟಿಯಾಗಿ ಓದಲಿ.

ಮಳೆಗೂ ನಮಗೂ ಕಾಯದ ದಿನಗಳು ಕೆಲವುಂಟು: ಸಹಕಾರ ಸಂಘದ ಸಾಲದ ಕಂತು, 2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯ ವಿಮೆಯ ಕಡೆಯ ದಿನ, ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ, ಮಳೆಗಾಲಕ್ಕೆ ಮುಂಚಿನ ಗಳಲೆ ಮತ್ತು ಚಪ್ಪೆರೋಗದ ಲಸಿಕೆಗಳು. ಇವಕ್ಕೆ ಬೇರೆ ಪಟ್ಟಿ ಬೇಡ. ಗೋಡೆಯ ಮೇಲೆ ತೂಗುವ ಪಂಚಾಂಗದ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯೊಳಗೆ ಬರೆದರೆ ಹಬ್ಬವನ್ನು ನೋಡುವ ಕಣ್ಣಿಗೆ ಇದೂ ಬೀಳುವುದು.

ಮೇಲೆ ಹೇಳಿದ ಯಜಮಾನರಿಗೆ ಮಾತು ಪೂರ್ತಿಯಾಗಿ ಮರಳಲಿಲ್ಲ. ಬೇಸಾಯವನ್ನೀಗ ಅವರ ಮನೆಯವರೇ ನಡೆಸುತ್ತಿದ್ದಾರೆ. ಕಳೆದ ಬಿತ್ತನೆಗೆ ಮುಂಚೆ ನಾನು ಅಲ್ಲಿಗೆ ಹೋಗಿದ್ದಾಗ ಅಟ್ಟದ ಚೀಲಗಳ ಮೇಲೆಲ್ಲ ಕಪ್ಪು ಬಣ್ಣದಲ್ಲಿ ತಳಿಯ ಹೆಸರು, ಹೊಲದ ಹೆಸರು, ಬಿತ್ತುವ ಮಳೆಯ ಹೆಸರು ಕಂಡುವು. ಹೊರಡುವಾಗ ಮೇಲುಗೊಬ್ಬರದ ವಿಷಯವಾಗಿ ಏನನ್ನೋ ಹೇಳತೊಡಗಿದೆನು. ಆಕೆ ಒಳಗೆ ಹೋಗಿ ಒಂದು ನೋಟ್ ಪುಸ್ತಕವನ್ನೂ ಪೆನ್ಸಿಲನ್ನೂ ತಂದು ನನ್ನ ಮುಂದಿಟ್ಟು, “ಇದರಲ್ಲಿ ಬರೆದು ರುಜು ಹಾಕಿ ಸ್ವಾಮಿ” ಎಂದರು.