ಅಜ್ಜಿಯ ಹಸಿವು ಮೊಮ್ಮಗಳ ಮೈಗೆ ಬರುವುದೇ?

ಹಿರಿಯರು ಪಟ್ಟ ಪಾಡು ಮೊಮ್ಮಕ್ಕಳ ಜೀನ್‌ಗಳಲ್ಲಿ ಅಚ್ಚಾಗಿರುತ್ತದೆ ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಮಿಂಚಿ ಹೋಗುತ್ತದೆ. ಆ ಮಾತಿನಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ಬಸಿರಲ್ಲಿದ್ದ ಕೂಸಿಗೇ ತಟ್ಟಿದ ಹಸಿವು ಬೇರೆ, ಕೂಸು ಮೂಡುವ ಮೊದಲೇ ಮುಗಿದುಹೋಗಿದ್ದ ಸಂಕಟ ಬೇರೆ. ಮೊದಲನೆಯದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. 1944ರ ಸೆಪ್ಟೆಂಬರಿನಲ್ಲಿ ರೈಲ್ವೆ ನೌಕರರು ಮುಷ್ಕರ ಹೂಡಿದ್ದಕ್ಕೆ ಸೇಡಾಗಿ, ಎರಡನೇ ಮಹಾಯುದ್ಧದಲ್ಲಿ ಆ ನಾಡನ್ನು ಆಕ್ರಮಿಸಿಕೊಂಡಿದ್ದ ಜರ್ಮನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ತಡೆದರು. ಪಡಿತರ ದಿನಕ್ಕೆ 1000 ಕ್ಯಾಲೊರಿಗಿಂತಲೂ ಕೆಳಗಿಳಿಯಿತು. 1945ರ ಮೇ ತಿಂಗಳಲ್ಲಿ ನಾಡಿಗೆ ಬಿಡುಗಡೆಯಾಯಿತು. ಕ್ಷಾಮ ಶುರುವಾದದ್ದು ಯಾವಾಗ, ಮುಗಿದದ್ದು ಯಾವಾಗ ಎಂದು ಇಷ್ಟು ಖಚಿತವಾಗಿ ಹೇಳಬಲ್ಲ ಕ್ಷಾಮಗಳು ಅಪರೂಪ. ಸಂಶೋಧಕರಿಗೆ ಅದೇ ಅನುಕೂಲವಾಯಿತು. ಸೇನಾ ತಪಾಸಣೆಗೆ ಬಂದ ಸುಮಾರು 3 ಲಕ್ಷ ಯುವಕರ ದಾಖಲೆಗಳನ್ನು ನೋಡಿದ 1976ರ ಅಧ್ಯಯನದಲ್ಲಿ, ಬಸಿರಿನ ಮೊದಲರ್ಧದಲ್ಲಿ ಹಸಿವು ಕಂಡವರಲ್ಲಿ ಬೊಜ್ಜು ಹೆಚ್ಚಿತ್ತು, ಕೊನೆಯ ತಿಂಗಳುಗಳಲ್ಲಿ ಕಂಡವರಲ್ಲಿ ಕಡಿಮೆಯಿತ್ತು. 2008ರಲ್ಲಿ ಸಂಶೋಧಕರಾದ ಹೈಮನ್ಸ್, ಲುಮೆ ಮತ್ತವರ ಸಂಗಡಿಗರು ಗರ್ಭಧಾರಣೆಯ ಹೊತ್ತಿಗೆ ಕ್ಷಾಮ ಕಂಡವರನ್ನು ಅವರದೇ ಒಡಹುಟ್ಟಿದವರ ಜೊತೆ ಹೋಲಿಸಿದರು. ಆರು ದಶಕದ ಬಳಿಕವೂ ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಎಂಬ ಜೀನ್‌ನ ಮೇಲೆ ಮಿಥೈಲ್ ಗುರುತುಗಳು, ಅಂದರೆ ಜೀನ್ ಎಷ್ಟು ಚುರುಕಾಗಿರಬೇಕೆಂಬುದರ ಮೇಲೆ ಪ್ರಭಾವ ಬೀರುವ ರಾಸಾಯನಿಕ ಗುರುತುಗಳು, ಕಡಿಮೆಯಿದ್ದವು.

ಇದು ಆನುವಂಶಿಕತೆಯಲ್ಲ, ಕೂಸು ತಾನೇ ಅನುಭವಿಸಿದ್ದು. ಮೊಮ್ಮಕ್ಕಳಲ್ಲೂ ಪರಿಣಾಮ ಕಂಡರೆ ಅದು ವಂಶಪಾರಂಪರ್ಯವಾಗಿ ಬಂದದ್ದಲ್ಲವೇ ಎಂದು ಕೇಳಬಹುದು. ಅಷ್ಟು ಸುಲಭವಾಗಿ ಹಾಗೆನ್ನಲಾಗದು. ಹೆಣ್ಣುಕೂಸು ಹುಟ್ಟುವ ಮುನ್ನವೇ ಅದರೊಳಗೆ ಮುಂದಿನ ಪೀಳಿಗೆಯ ಅಂಡಗಳು ಮೂಡಿರುತ್ತವೆ. ಹಾಗಾಗಿ ಬಸುರಿ ಅಜ್ಜಿ ಉಪವಾಸವಿದ್ದರೆ ಮೂರು ತಲೆಮಾರಿಗೂ ಒಟ್ಟಿಗೇ ಬಿಸಿ ತಟ್ಟುತ್ತದೆ. ಅಜ್ಜಿಯ ಕಡೆಯಿಂದ ನಿಜವಾದ ಸಾಗಣೆಯನ್ನು ತೋರಿಸಬೇಕಾದರೆ ಮರಿಮಕ್ಕಳವರೆಗೆ ಕಾಯಬೇಕು. ಅದರ ಮೇಲೆ, ಅಂಡ ಮತ್ತು ವೀರ್ಯ ರೂಪುಗೊಳ್ಳುವಾಗ ಒಮ್ಮೆ, ಭ್ರೂಣ ಮೂಡಿದ ಮೇಲೆ ಮತ್ತೊಮ್ಮೆ, ಇಂಥ ಗುರುತುಗಳ ಬಹುಪಾಲು ಅಳಿಸಿಹೋಗುತ್ತದೆ.

ಇನ್ನು ಎರಡನೆಯದು, ಕೂಸು ಮೂಡುವ ಮೊದಲೇ ಮುಗಿದಿದ್ದ ಸಂಕಟ. ನಾಜಿ ನರಮೇಧದಿಂದ ಬದುಕುಳಿದವರ ಮಕ್ಕಳ ಕುರಿತು ಹೆಚ್ಚು ಸದ್ದು ಮಾಡಿದ ಅಧ್ಯಯನದಲ್ಲಿ ಇದ್ದದ್ದು 32 ಹಿರಿಯರು, 22 ಮಕ್ಕಳು. ಅದರಲ್ಲೂ ಒತ್ತಡದ ಪ್ರತಿಕ್ರಿಯೆಗೆ ಸಂಬಂಧಿಸಿದ ಎಫ್‌ಕೆಬಿಪಿ5 ಜೀನ್‌ನ ಮೇಲಿನ ಗುರುತು ಹೆತ್ತವರಲ್ಲಿ ಹೆಚ್ಚು, ಮಕ್ಕಳಲ್ಲಿ ಕಡಿಮೆ! ಇಷ್ಟರ ಮೇಲೆ ದೊಡ್ಡ ತೀರ್ಮಾನ ಕಟ್ಟುವುದು ಅವಸರ. ಈ ಅನುಮಾನಕ್ಕೆ ಬಲವಾದ ಆಕ್ಷೇಪ ಸಂಶೋಧಕಿ ಡೋರಾ ಕೋಸ್ಟಾ ತಂಡದ 2018ರ ಅಧ್ಯಯನದಿಂದ ಬರುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಅತ್ಯಂತ ಕೆಟ್ಟ ಅವಧಿಯಲ್ಲಿ ಸೆರೆಯಾಗಿದ್ದ ಸೈನಿಕರ, ಯುದ್ಧದ ನಂತರ ಹುಟ್ಟಿದ ಗಂಡುಮಕ್ಕಳಲ್ಲಿ ಮರಣದ ಪ್ರಮಾಣ ಸುಮಾರು ಶೇ. 10ರಷ್ಟು ಹೆಚ್ಚಿತ್ತು, ಹೆಣ್ಣುಮಕ್ಕಳಲ್ಲಿ ಹಾಗಿರಲಿಲ್ಲ. ತಂದೆಯ ಕಡೆಯಿಂದ ಏನೋ ಸಾಗಿರಬಹುದು ಎನ್ನಲು ಇದು ಎಡೆಕೊಡುತ್ತದೆ, ಒಪ್ಪೋಣ. ಆದರೆ ಬಸಿರಿನ ವೇಳೆ ತಾಯಿಗೆ ಸಾಕಷ್ಟು ಆಹಾರ ಸಿಕ್ಕಿದ್ದ, ವರ್ಷದ ಕೊನೆಯ ಮೂರು ತಿಂಗಳಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಈ ವ್ಯತ್ಯಾಸವೇ ಕಾಣಲಿಲ್ಲ.